ಬರಹಗಾರರಿಗೆ ಸಲಹೆ: ಆಚಾರಿ ಹೊಳೆದಂಡೆಯ ನೆಲ ಯಾಕೆ ಕೊಂಡ?

ಪ್ರಿಯ ಕಥೆಗಾರರೇ,

ನೀವು ಅಂಚೆಯಲ್ಲಿ ಕಳಿಸಿದ 'ನದಿ ತೀರದ ನೆಲ' ಕಥೆಯನ್ನು ಎರಡು ಸಲ ಓದಿದೆ. ಈಗ ಇರುವಂತೆ ಪತ್ರಿಕೆಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ 'ವಿಷಾದದೊಂದಿಗೆ' ಅಂತ ಚೀಟಿ ಅಂಟಿಸಿ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಉದ್ದದ ಪತ್ರ. ಬೇರೆ ಬರಹಗಾರರಿಗೂ ಉಪಯೋಗಕ್ಕೆ ಬರಲಿ ಅಂತ ಇಲ್ಲೇ ಅಚ್ಚು ಹಾಕುತ್ತಿದ್ದೇನೆ. ನಿಮ್ಮ ಹೆಸರು ಹಾಕಿಲ್ಲ, ಗಾಬರಿ ಬೇಡ.

ಕಥೆ ಓದದವರಿಗೆ ಎರಡು ಮಾತು. ಕೊರಟಗೆರೆ ಸೀಮೆಯ ಒಂದು ಊರು, ಜಯಮಂಗಲಿ ಹೊಳೆಯ ದಂಡೆ. ಊರ ಗೌಡ ಸಾಲಕ್ಕೆ ಸಿಕ್ಕಿಕೊಂಡು ದಂಡೆಯ ಎರಡು ಎಕರೆಯನ್ನು ಊರಿನ ಕಮ್ಮಾರ ಆಚಾರಿಗೆ ಐನೂರು ರೂಪಾಯಿಗೆ ಮಾರುತ್ತಾನೆ. ಮಾರನೇ ವರ್ಷ ಹೊಳೆ ಉಕ್ಕಿ ನೆಲದ ಮಣ್ಣೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಬಚಾವಾದೆ ಅಂತ ಗೌಡ ಒಳಗೊಳಗೇ ಹಿಗ್ಗುತ್ತಾನೆ. ಕಮ್ಮಾರ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಕೊನೆಗೆ ಎಲ್ಲಿಂದಲೋ ಒಬ್ಬ ಸಾಧು ಬಂದು 'ಭೂಮಿ ಯಾರ ಅಪ್ಪನದೂ ಅಲ್ಲ' ಎಂದು ಒಂದೂವರೆ ಪುಟ ಉಪದೇಶ ಮಾಡುತ್ತಾನೆ.

ಮೊದಲು ಆ ಸಾಧುವನ್ನು ಬಂದ ದಾರಿಯಲ್ಲೇ ಕಳಿಸಿಬಿಡಿ. ಅವನು ಹೋದರೆ ಯಾರಿಗೂ ನಷ್ಟವಿಲ್ಲ.

ಇನ್ನು ಸಣ್ಣಪುಟ್ಟ ತಪ್ಪುಗಳು. 'ಸುಮಾರು ನಾನೂರು ವರ್ಷಗಳ ಹಿಂದೆ, ಟಿಪ್ಪುವಿನ ಕಾಲದಲ್ಲಿ' ಎಂದು ಶುರು ಮಾಡಿದ್ದೀರಿ. ಟಿಪ್ಪು ಆಳಿದ್ದು 1782ರಿಂದ 1799ರವರೆಗೆ. ಯಾವುದಾದರೂ ಒಂದನ್ನು ಇಟ್ಟುಕೊಳ್ಳಿ. ಎರಡನೇ ವಾಕ್ಯದಲ್ಲಿ ಪ್ರಕೃತಿ ಮಾತೆ ಹಸಿರು ಸೀರೆ ಉಟ್ಟಿದ್ದಾಳೆ. ನಮ್ಮ ಬಯಲುಸೀಮೆಯಲ್ಲಿ ಆ ಸೀರೆ ಮಳೆ ಬಂದ ಎರಡು ತಿಂಗಳು ಮಾತ್ರ, ಅದೂ ಬಂದರೆ! ಗೌಡ ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತಾನೆ. ಬೇಡ, ರಾಗಿ ಅಂಬಲಿ ಕೊಡಿ. ಹೊಳೆಯಲ್ಲಿ ದೋಣಿ ಬೇರೆ ತೇಲಿಸಿದ್ದೀರಿ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹಾಯ್ದು ಉತ್ತರ ಪಿನಾಕಿನಿ ಸೇರುವ ಹೊಳೆ ಅದು. ವರ್ಷದಲ್ಲಿ ಜಾಸ್ತಿ ದಿನ ಅಲ್ಲಿ ಕಾಣುವುದು ಮರಳು. ನೀರು ಇರುವುದು ಮರಳಿನ ಅಡಿ. ತೋಡಿದರೆ ಊಟೆ ಒಸರುತ್ತದೆ, ಅಲ್ಲಿಂದ ಸಣ್ಣ ಕಾಲುವೆ ತೆಗೆದು ಗದ್ದೆಗೆ ಹಾಯಿಸುತ್ತಾರೆ. ತಲಪರಿಗೆ ಅನ್ನುವುದು ಇದಕ್ಕೇ. ನಿಮ್ಮ ಊರೂ ಆ ಕಡೆಯೇ ಅಂತ ಬರೆದಿದ್ದೀರಿ. ತಲಪರಿಗೆ ಗೊತ್ತಿದ್ದೂ ದೋಣಿ ಬರೆದಿರಿ ಅಂದರೆ, ನೀವು ಹೊಳೆಯನ್ನು ನೋಡಿ ಬರೆಯಲಿಲ್ಲ, ಸಿನಿಮಾ ನೋಡಿ ಬರೆದಿರಿ ಅಂತಲೇ ನಾನು ತಿಳಿಯಬೇಕು, ಅಲ್ವಾ?

ಬೇಜಾರು ಮಾಡಿಕೊಳ್ಳಬೇಡಿ. ನಾನು ಮೊದಲು ಬರೆದ ಚಾರಿತ್ರಿಕ ಕಥೆಯಲ್ಲಿ ಪಾಳೇಗಾರನ ಕೈಗೆ ಬೆಂಕಿಪೊಟ್ಟಣ ಕೊಟ್ಟಿದ್ದೆ. ಅವತ್ತಿನ ಸಂಪಾದಕರು ಅಂಚಿನಲ್ಲಿ 'ಒಂದು ಬೀಡಿಯನ್ನೂ ಕೊಡಬಹುದಿತ್ತು' ಎಂದು ಬರೆದು ವಾಪಸ್ ಕಳಿಸಿದ್ದರು.

ಇವೆಲ್ಲ ಅರ್ಧ ದಿನದಲ್ಲಿ ತಿದ್ದುವ ವಿಷಯ. ನನ್ನ ನಿಜವಾದ ತಕರಾರು ಬೇರೆ. ನಿಮ್ಮ ಕಥೆ ನಿಂತಿರುವುದೇ ಒಂದು ಮಾರಾಟದ ಮೇಲೆ. ಆ ಮಾರಾಟ ನಿಮ್ಮಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ: 'ಗೌಡರು ಛಾಪಾ ಕಾಗದಕ್ಕೆ ಸಹಿ ಹಾಕಿ ಎರಡು ಎಕರೆ ಬರೆದುಕೊಟ್ಟರು.' ಛಾಪಾ ಕಾಗದ ಬಿಡಿ. ಎಕರೆ, ಗುಂಟೆ, ಸರ್ವೆ ನಂಬರು ನಮ್ಮ ಮೈಸೂರು ಸೀಮೆಗೆ ಬಂದದ್ದೇ 1863ರಲ್ಲಿ ಶುರುವಾದ ಕಂದಾಯ ಸರ್ವೆಯಿಂದ. ಅದಕ್ಕೂ ಮುಂಚೆ ನೆಲವನ್ನು ಅಳೆಯುತ್ತಿದ್ದದ್ದು ಬೀಜದಿಂದ. ಎಷ್ಟು ಬೀಜ ಬಿತ್ತಬಹುದೋ ಅಷ್ಟು ನೆಲ. ಕೊಳಗ ಅಂದರೆ ಕಾಳು ಅಳೆಯುವ ಮಾಪು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆಯ ಖಂಡುಗವೇ ಬೇರೆ, ಮಳೆ ನಂಬಿದ ಬೆದ್ದಲಿನ ಖಂಡುಗ ಅದಕ್ಕಿಂತ ತುಂಬಾ ದೊಡ್ಡದು. 'ಎರಡು ಎಕರೆ ಹೋಯಿತು' ಅಂದರೆ ಓದುಗನಿಗೆ ಒಂದು ಲೆಕ್ಕ ಸಿಗುತ್ತದೆ, ಅಷ್ಟೇ. 'ಐದು ಕೊಳಗ ಬಿತ್ತುವ ನೆಲ ಹೋಯಿತು' ಅಂದುನೋಡಿ. ಗೌಡನ ಮನೆಯಲ್ಲಿ ಐದು ಕೊಳಗ ಬೀಜ ಸುಮ್ನೆ ಉಳಿದಿರುವುದು ಕಾಣುತ್ತದೆ.

ರೂಪಾಯಿಯನ್ನೂ ತೆಗೆಯಿರಿ. ನನ್ನ ಮಾತು ಕೇಳುವುದಾದರೆ ಕಥೆಯನ್ನು ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಒಯ್ಯಿರಿ. 1678ರಲ್ಲಿ ಮಧುಗಿರಿ ಪಾಳೇಗಾರರ ಕೈತಪ್ಪಿ ಮೈಸೂರಿಗೆ ಸೇರಿತು. ಹಳೇ ಧಣಿ ಹೋಗಿ ಹೊಸ ಧಣಿ ಬಂದ ಹೊತ್ತು. ಮುಂದೆ ಯಾರು ಏನು ಕೇಳುತ್ತಾರೋ ಅನ್ನುವ ದಿಗಿಲು ಗೌಡನಿಗೆ ಇದ್ದೇ ಇರುತ್ತದೆ. ಆಗ ಓಡುತ್ತಿದ್ದದ್ದು ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣ. ಹತ್ತು ಹಣಕ್ಕೆ ಒಂದು ವರಹ. ಚಿನ್ನದ್ದೇ, ಆದರೆ ತೂಕ ಅರ್ಧ ಗ್ರಾಮಿಗಿಂತ ಕಡಿಮೆ, ಗಾತ್ರ ನಿಮ್ಮ ಅಂಗಿಯ ಗುಂಡಿಗಿಂತ ಚಿಕ್ಕದು. ಅದರ ಮೇಲೆ ನರಸಿಂಹನ ರೂಪ. ಹೊಳೆ ಹುಟ್ಟುವ ದುರ್ಗದಲ್ಲೂ ನರಸಿಂಹನೇ ಇದ್ದಾನೆ ನೋಡಿ. ಅಂಥ ಹಣವನ್ನು ಹೊಳೆಯ ಮರಳಿನ ಮೇಲೆ ಕೂತು ಎಣಿಸುವಾಗ ಒಂದು ಕೈಜಾರಿ ಬಿದ್ದರೆ? ಯಾರು ಹುಡುಕುತ್ತಾರೆ? ಗೌಡ ಬಗ್ಗುತ್ತಾನೋ, ಕಮ್ಮಾರನೇ ಬಗ್ಗಬೇಕೋ? ಬೆಲೆ ಎಷ್ಟು ಅಂತ ನೀವು ಹೇಳದಿದ್ದರೂ ನಡೆಯುತ್ತದೆ. ಹಳೇ ಕ್ರಯಶಾಸನಗಳಲ್ಲೇ 'ತತ್ಕಾಲೋಚಿತ', 'ಮಧ್ಯಸ್ಥ ಪರಿಕಲ್ಪಿತ' ಎಂಬ ಮಾತು ಬರುತ್ತದೆ. ಆ ಕಾಲಕ್ಕೆ ಸರಿಯಾಗಿ, ನಡುವಿನವರು ಕೂತು ಕಟ್ಟಿದ ಬೆಲೆ ಅಂತ. ಆ ನಡುವಿನವರು ನಿಮ್ಮ ಕಥೆಯಲ್ಲಿ ಇಲ್ಲವೇ ಇಲ್ಲ.

ಊರೂ ಇಲ್ಲ. ಇಬ್ಬರೇ ಸೇರಿ ನೆಲ ಮಾರುವ ಕಾಲ ಅದಲ್ಲ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ತನ್ನ ಮಿತಾಕ್ಷರ ಎಂಬ ಧರ್ಮಶಾಸ್ತ್ರದ ಗ್ರಂಥದಲ್ಲಿ ಒಂದು ಹಳೇ ಮಾತು ಎತ್ತಿ ಹೇಳುತ್ತಾನೆ. ನೆಲ ಕೈ ಬದಲಾಗಲು ಆರು ಬೇಕು. ಊರಿನವರ ಒಪ್ಪಿಗೆ, ಕುಲದವರ ಒಪ್ಪಿಗೆ, ಅಕ್ಕಪಕ್ಕದ ನೆಲದವರ ಒಪ್ಪಿಗೆ, ದಾಯಾದಿಗಳ ಒಪ್ಪಿಗೆ, ಆಮೇಲೆ ಚಿನ್ನ ಮತ್ತು ನೀರು. ನೀರು ಯಾಕೆ? ಸ್ಥಿರಾಸ್ತಿಗೆ ಮಾರಾಟ ಅನ್ನುವುದೇ ಇಲ್ಲ, ದಾನವಾದರೆ ಪುಣ್ಯ ಎಂಬ ನಂಬಿಕೆ. ಹಾಗಾಗಿ ಮಾರಿದರೂ ದಾನದ ಹಾಗೆ ಧಾರೆ ಎರೆದು ಕೊಡಬೇಕು. ಮಗಳ ಮದುವೆಯಲ್ಲಿ ಎರೆಯುತ್ತೇವಲ್ಲ, ಅದೇ ಧಾರೆ.

ಈಗ ನಿಮ್ಮ ಗೌಡನನ್ನು ಅಲ್ಲಿ ನಿಲ್ಲಿಸಿ ನೋಡಿ. ಸುಗ್ಗಿಯಲ್ಲಿ ಕಮ್ಮಾರ ಇವನ ಕಣಕ್ಕೆ ಬಂದು ತನ್ನ ಪಾಲಿನ ಆಯ, ಅಂದರೆ ವರ್ಷದ ಕೆಲಸಕ್ಕೆ ಕೊಡುವ ಕಾಳು, ಇಸಿದುಕೊಂಡು ಹೋಗುವವನು. ಮೇಲೆ ನಿಂತು ಮೊರದಲ್ಲಿ ಸುರಿಯುತ್ತಿದ್ದ ಕೈ ಗೌಡನದು. ಇವತ್ತು ಅದೇ ಕೈಯಲ್ಲಿ ಚೊಂಬು. ಕೆಳಗೆ ಆಚಾರಿಯ ಅಂಗೈ, ಇದ್ದಿಲಿನ ಕಪ್ಪು ಗೆರೆಗಳಲ್ಲಿ ಕೂತಿರುವ ಅಂಗೈ. ಚೊಂಬಿನ ನೀರು ಅದೇ ನೆಲದ ಪಕ್ಕದ ತಲಪರಿಗೆಯದು. ಸುತ್ತ ದಾಯಾದಿಗಳು. ಅವರಲ್ಲಿ ಒಬ್ಬನಿಗೆ ಆ ನೆಲದ ಮೇಲೆ ಮೊದಲಿಂದ ಕಣ್ಣು. ಇಷ್ಟು ಸಿಕ್ಕಿದರೆ ನಾನಾಗಿದ್ದರೆ ನಾಲ್ಕು ಪುಟ ಬರೆಯುತ್ತಿದ್ದೆ. ನೀವು ಛಾಪಾ ಕಾಗದ ತಂದು ಮುಗಿಸಿಬಿಟ್ಟಿರಿ.

ಮಾತಿನ ವಿಷಯ ಒಂದಿದೆ. ನಿಮ್ಮ ಗೌಡ ಕಮ್ಮಾರನನ್ನು 'ಗೆಳೆಯಾ' ಅನ್ನುತ್ತಾನೆ, ಕಮ್ಮಾರ ತಿರುಗಿ 'ಮಾನ್ಯರೇ' ಅನ್ನುತ್ತಾನೆ. ನಮ್ಮ ಕಡೆ ಯಾರು ಹಾಗೆ ಮಾತಾಡುತ್ತಾರೆ ಹೇಳಿ? 'ಏನಪ್ಪಾ ಆಚಾರಿ' ಅನ್ನಿಸಿ. 'ಬುದ್ಧೀ' ಅನ್ನಿಸಿ. ಧಾರೆ ಎರೆದ ಮೇಲೆ ಆ 'ಬುದ್ಧೀ' ಹೋಗಿ 'ಗೌಡ್ರೇ' ಬಂದರೆ ಸಾಕು, ಓದುಗರಿಗೆ ನೀವು ಬೇರೇನೂ ವಿವರಿಸಬೇಕಿಲ್ಲ.

ಈಗ ಮುಖ್ಯವಾದ ಪ್ರಶ್ನೆ. ಕಮ್ಮಾರನಿಗೆ ಹೊಳೆದಂಡೆಯ ನೆಲ ಯಾಕೆ ಬೇಕಿತ್ತು? ಕಥೆಯಲ್ಲಿ ಉತ್ತರ ಇಲ್ಲ. 'ಅವನಿಗೆ ಭೂಮಿಯ ಆಸೆ ಇತ್ತು' ಅಂದಿದ್ದೀರಿ. ಆಸೆ ಎಲ್ಲರಿಗೂ ಇರುತ್ತದೆ. ದಂಡೆಯದ್ದೇ ಯಾಕೆ, ಅಂತ ಕೇಳುತ್ತಿದ್ದೇನೆ. ವಿಚಿತ್ರ ಏನೆಂದರೆ ಉತ್ತರ ನಿಮ್ಮ ಐದನೇ ಪುಟದಲ್ಲೇ ಬಿದ್ದಿದೆ. ಪ್ರವಾಹ ಇಳಿದ ಮೇಲೆ 'ಫಲವತ್ತಾದ ಮಣ್ಣು ಹೋಗಿ ಬರೀ ಕಪ್ಪು ಮರಳು ಉಳಿಯಿತು' ಎಂದು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ.

ಚಿಕ್ಕಂದಿನಲ್ಲಿ ಮಳೆ ನಿಂತ ಮೇಲೆ ನಾವು ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ಓಡುತ್ತಿದ್ದೆವು. ನೀರು ಹರಿದ ಜಾಡಿನಲ್ಲಿ ಕಪ್ಪು ಗೆರೆ ಗೆರೆಯಾಗಿ ಪುಡಿ ಕೂತಿರುತ್ತಿತ್ತು. ಅಯಸ್ಕಾಂತ ಇಟ್ಟರೆ ಮುಳ್ಳುಹಂದಿಯ ಹಾಗೆ ಮೈತುಂಬ ಎದ್ದು ನಿಲ್ಲುತ್ತಿತ್ತು. ನೀವೂ ಆಡಿರುತ್ತೀರಿ. ಅದು ಕಬ್ಬಿಣ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ, ಚನ್ನರಾಯನದುರ್ಗದ ಕಡೆ ಮಳೆಗಾಲದಲ್ಲಿ ಹಳ್ಳಗಳಲ್ಲಿ ಸಿಗುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿದ್ದಾನೆ. ಬಂಡೆಬೆಟ್ಟಗಳಿಂದ ಮಳೆ ನೀರು ಅದನ್ನು ತೊಳೆದು ತರುತ್ತದೆ. ಬಿಳಿ ಮರಳು ಹಗುರ, ಹರಿದು ಹೋಗುತ್ತದೆ. ಕಪ್ಪುಮರಳು ಭಾರ, ಹೊಳೆ ತಿರುಗುವ ಕಡೆ ತಳದಲ್ಲಿ ಕೂತುಬಿಡುತ್ತದೆ. ಅದನ್ನು ತೊಳೆದು, ಇದ್ದಿಲು ಹಾಕಿ, ತಿದಿ ಊದಿ ಕರಗಿಸಿದರೆ ನೇಗಿಲಿನ ಕುಡವೂ ಆಯಿತು, ಕುಡುಗೋಲೂ ಆಯಿತು. ಊರ ಹೊರಗೆ ಕೆಲವು ಕಡೆ ಕಬ್ಬಿಣದ ಕಿಟ್ಟ ಇವತ್ತಿಗೂ ಕಾಲಿಗೆ ಸಿಗುತ್ತದೆ.

ಹಾಗಾದರೆ ಹೊಳೆ ಉಕ್ಕಿದ ದಿನ ನಿಮ್ಮ ಕಮ್ಮಾರ ತಲೆ ಮೇಲೆ ಕೈ ಹೊತ್ತು ಕೂರುವುದಿಲ್ಲ. ರೈತನ ಪಾಲಿಗೆ ನೆಲ ಸತ್ತ ದಿನವೇ ಅವನಿಗೆ ಸುಗ್ಗಿ. ಅವನು ಕಾದಿದ್ದದ್ದೇ ಅದಕ್ಕೆ. ಅವನನ್ನು ಬರೀ ಕುಡುಗೋಲು ತಟ್ಟುವವನನ್ನಾಗಿ ಬಿಡಬೇಡಿ, ಕಬ್ಬಿಣ ಕರಗಿಸುವವನನ್ನಾಗಿ ಮಾಡಿ. ಇಡೀ ಕಥೆ ತಿರುಗಿ ಕೂರುತ್ತದೆ. ತಲೆ ಮೇಲೆ ಕೈ ಹೊರಬೇಕಾದವನು ಈಗ ಗೌಡ.

ಆದರೆ ಒಂದು ಎಚ್ಚರಿಕೆ. ಈ ಗುಟ್ಟನ್ನು ಕೊನೆಯಲ್ಲಿ ಪಟಾಕಿ ಹಾಗೆ ಹಾರಿಸಬೇಡಿ. ಮೊದಲೇ ಮಾರಾಟದ ಪತ್ರದೊಳಗೆ ಹೂತಿಡಿ. ಅದಕ್ಕೂ ಜಾಗ ಇದೆ. ಹಳೇ ಕ್ರಯಪತ್ರಗಳಲ್ಲಿ ನೆಲದ ಜೊತೆ ಅಷ್ಟಭೋಗವನ್ನೂ, ಅಂದರೆ ಎಂಟು ಬಗೆಯ ಹಕ್ಕನ್ನೂ ಕೊಡುತ್ತಾರೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯ. ಶಾನುಭೋಗರು ಇಷ್ಟನ್ನೂ ಒಂದೇ ಉಸಿರಿನಲ್ಲಿ ಓದುತ್ತಾರೆ. ಹುಣಸೆಬೀಜದ ಸರಿ, ಇದ್ದಿಲುಪುಡಿ ಬಳಿದ ಕಪ್ಪು ಬಟ್ಟೆಯ ಕಡತ ತೊಡೆಯ ಮೇಲೆ, ಕೈಯಲ್ಲಿ ಬಳಪ. ಯಾರೂ ಕಿವಿಗೊಡುತ್ತಿಲ್ಲ. ಆಗ ಆಚಾರಿ ಮೆಲ್ಲಗೆ ಕೇಳಲಿ: 'ಸ್ವಾಮಿ, ಮರಳು ಇದ್ರಾಗೆ ಎಲ್ಲಿ ಬತ್ತದೆ?' ಎಲ್ಲರೂ ನಗಲಿ. ಹೊಳೆಯಲ್ಲಿ ಮರಳಿಗೇನು ಬರ ಅಂತ ಗೌಡನೂ ನಗಲಿ. ಶಾನುಭೋಗರು, 'ಪಾಷಾಣದಲ್ಲಿ ಸೇರಿಸಿಕೋ, ಇನ್ನೂ ಬರೋದಾದ್ರೆ ಆಗಾಮಿ' ಅನ್ನಲಿ. ಪಾಷಾಣ ಅಂದರೆ ಇಲ್ಲಿ ಕಲ್ಲು, ಆಗಾಮಿ ಅಂದರೆ ಮುಂದೆ ಬರುವಂಥದ್ದು. ಆಮೇಲೆ ಗೌಡನ ಒಪ್ಪ (ರುಜು), ಸಾಕ್ಷಿಗಳ ಒಪ್ಪ, ಬರೆದವರ ಒಪ್ಪ. ತಪ್ಪಿ ನಡೆದವರಿಗೆ ಗಂಗೆಯ ತಡಿಯಲ್ಲಿ ಕವಿಲೆ ಹಸು ಕೊಂದ ಪಾಪ. ಪ್ರವಾಹ ಬರುವ ಹೊತ್ತಿಗೆ ಓದುಗನಿಗೆ ಆ ನಗು ನೆನಪಾದರೆ ನೀವು ಗೆದ್ದಿರಿ.

ಚಕ್ಕುಬಂದಿ, ಅಂದರೆ ನೆಲದ ನಾಲ್ಕು ಕಡೆಯ ಗಡಿ ಬರೆಯುವಾಗ ಮೂಡಲು, ಪಡುವಲು, ತೆಂಕಲು, ಬಡಗಲು ಎಂದೇ ಬರೆಯಿರಿ. ಮೂರು ಕಡೆ ಬಂಡೆ, ಹುತ್ತ, ಹೊಂಗೆ ಮರ ಏನಾದರೂ ಇರಲಿ. ನಾಲ್ಕನೇ ಕಡೆ ಹೊಳೆ. ಬಂಡೆ ಜರುಗುವುದಿಲ್ಲ, ಹೊಳೆ ಜರುಗುತ್ತದೆ. ದಾಯಾದಿ ಸುಮ್ಮನಿರುತ್ತಾನಾ? ಇದು ಬೇಕಾದರೆ ಇನ್ನೊಂದು ಕಥೆಗೆ ಇಟ್ಟುಕೊಳ್ಳಿ, ಇದಕ್ಕೆ ತುರುಕಬೇಡಿ.

ಭಾಷೆಯ ರುಚಿ ಹಿಡಿಯಲು ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟ ನೋಡಿ. ನಮ್ಮ ತುಮಕೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಕೋಲಾರದ್ದು 10ನೇ ಸಂಪುಟ. ನಾಲ್ಕು ದಿನ ಓದಿ ಮುಚ್ಚಿಡಿ. ಜಾಸ್ತಿ ಓದಿದರೆ ನಿಮ್ಮ ಗೌಡ ಶಾಸನದ ಹಾಗೇ ಮಾತಾಡಲು ಶುರು ಮಾಡುತ್ತಾನೆ.

ಇಷ್ಟೆಲ್ಲ ಬೈದರೂ ಕಥೆಯನ್ನು ಎರಡನೇ ಸಲ ಓದಿಸಿದ್ದು ಒಂದು ಸಾಲು. 'ಅವತ್ತು ಗೌಡ್ತಿ ಹೊಳೆ ಕಡೆಯ ಬಾಗಿಲು ತೆಗೆಯಲಿಲ್ಲ.' ಅದರ ಹಿಂದೆ ಮುಂದೆ ಏನೂ ವಿವರಣೆ ಕೊಡದೆ ಬಿಟ್ಟಿದ್ದೀರಿ. ಅದನ್ನು ಮುಟ್ಟಬೇಡಿ. ಯಾರು ತಿದ್ದಿ ಅಂದರೂ, ನಾನೇ ಅಂದರೂ.

ದೀಪಾವಳಿ ಸಂಚಿಕೆಗೆ ಜಾಗ ಇದೆ. ಹತ್ತು ಪುಟ ಮೀರದಂತೆ, ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು ಕಳಿಸಿ. ಹಸ್ತಪ್ರತಿ ಇದರ ಜೊತೆ ವಾಪಸ್ ಬರುತ್ತಿದೆ. ಏಳನೇ ಪುಟದ ಮೇಲಿರುವ ಕಾಫಿ ಕಲೆ ನಿಮ್ಮ ಗೌಡನದಲ್ಲ, ನನ್ನದು.

ಇತಿ,
ಸಂಪಾದಕ