ಕಲಿಸಿದ ಮಾಲೀಕರನ್ನು ಬಿಟ್ಟು ಸ್ವಂತ ವರ್ಕ್‌ಶಾಪ್ ತೆರೆಯುವುದು ದ್ರೋಹವೇ?

ಪ್ರಶ್ನೆ: ನನಗೆ 38 ವರ್ಷ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪಿನಲ್ಲಿ ಒಂಬತ್ತು ವರ್ಷ ಎರಡು ತಿಂಗಳಿನಿಂದ ಕೆಲಸ ಮಾಡುತ್ತಿದ್ದೇನೆ. ಐಟಿಐ ಮುಗಿಸಿ ಹೆಲ್ಪರ್ ಆಗಿದ್ದವನಿಗೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರದ) ಪ್ರೋಗ್ರಾಮಿಂಗ್ ಕಲಿಸಿದವರು ನಮ್ಮ ಮಾಲೀಕರೇ. ಸಂಬಳ 34,000 ರೂಪಾಯಿ. ನಮಗೆ ಕೆಲಸ ಕೊಡುವ ಒಂದು ಕಂಪನಿಯ ಪರ್ಚೇಸ್ ಅಧಿಕಾರಿ, ‘ನೀವೇ ಒಂದು ಲೇತ್ (ಲೋಹ ಕಡೆಯುವ ಯಂತ್ರ) ಹಾಕಿಕೊಳ್ಳಿ, ತಿಂಗಳಿಗೆ 250 ಗಂಟೆಯ ಜಾಬ್ ವರ್ಕ್ ಕೊಡುತ್ತೇನೆ’ ಎನ್ನುತ್ತಿದ್ದಾರೆ. ನಮ್ಮ ಮಾಲೀಕರಿಗೆ ಗಂಟೆಗೆ 400 ರೂಪಾಯಿ ಕೊಡುವ ಅವರು ನನಗೆ 350 ಕೊಡುತ್ತಾರಂತೆ, ಹಣ ತೊಂಬತ್ತು ದಿನಕ್ಕೆ. ಬೆಳಗೊಳದಲ್ಲಿ ಶೆಡ್ಡು ನೋಡಿದ್ದೇನೆ. ಹಳೆಯ ಲೇತ್ ಮತ್ತು ಉಳಿದ ಉಪಕರಣಗಳಿಗೆ 10 ಲಕ್ಷ ಸಾಲ ಬೇಕು. ಬಾಡಿಗೆ, ಕರೆಂಟು, ಇನ್ಸರ್ಟು (ಲೋಹ ಕತ್ತರಿಸುವ ಅಲಗು), ಕೂಲೆಂಟು (ತಂಪು ಮಾಡುವ ದ್ರವ), ಒಬ್ಬ ಆಪರೇಟರ್ ಎಲ್ಲ ಸೇರಿ ತಿಂಗಳ ಖರ್ಚು 53,000 ಆಗಬಹುದು. ಉಳಿತಾಯ 3 ಲಕ್ಷ ಇದೆ. ಅದು ಶೆಡ್ಡಿನ ಅಡ್ವಾನ್ಸಿಗೆ ಮತ್ತು ವಿದ್ಯುತ್ ಸಂಪರ್ಕಕ್ಕೆ. ಖಾಸಗಿ ಶಾಲೆಯಲ್ಲಿ 12,000ಕ್ಕೆ ಪಾಠ ಮಾಡುವ ನನ್ನ ಹೆಂಡತಿ ಒಡವೆ ಅಡವಿಡಲು ಒಪ್ಪಿದ್ದಾಳೆ. ಅಪ್ಪ ಮಾತ್ರ ಮನೆಯ ಪತ್ರ ಕೊಡುವುದಿಲ್ಲ ಎಂದು ಮಾತೇ ಬಿಟ್ಟಿದ್ದಾರೆ. ಅವರ ಕಾರ್ಖಾನೆ ಮುಚ್ಚಿದಾಗ ಬಂದ ಹಣದಲ್ಲಿ ಕಟ್ಟಿದ ಮನೆ ಅದು. ಮಾಲೀಕರಿಗೆ ಇನ್ನೂ ಏನೂ ಹೇಳಿಲ್ಲ. ಅವರ ಮುಖ ನೋಡಿದರೆ ಉಂಡ ಮನೆಗೆ ಎರಡು ಬಗೆಯುತ್ತಿದ್ದೇನೆ ಅನ್ನಿಸುತ್ತದೆ. ಹೊರಡಲೇ, ಇರಲೇ? ನಾನೇ ಬರೆದ ಪ್ರೋಗ್ರಾಮುಗಳನ್ನು ಜೊತೆಗೆ ತೆಗೆದುಕೊಂಡು ಹೋಗಬಹುದೇ?
— ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ಲೆಕ್ಕ, ಸಾಲ, ಶೆಡ್ಡು ಎಲ್ಲವೂ ಇದ್ದರೂ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಮಾಲೀಕರ ಮುಖ ಎಂಬುದು ಸ್ಪಷ್ಟವಾಗಿದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕೆಲಸ ಕಲಿತ ಮನುಷ್ಯ ಒಂದು ದಿನ ತನ್ನದೇ ಯಂತ್ರದ ಮುಂದೆ ನಿಲ್ಲಬೇಕೆಂದು ಬಯಸುವುದು ದ್ರೋಹವಲ್ಲ. ಹೆಬ್ಬಾಳ, ಮೇಟಗಳ್ಳಿ, ಬೆಳಗೊಳದ ಸಣ್ಣ ವರ್ಕ್‌ಶಾಪುಗಳಲ್ಲಿ ಹಿಂದೆ ಬೇರೊಬ್ಬರ ಕೈಕೆಳಗೆ ದುಡಿದು ಅನಂತರ ಸ್ವಂತ ಬೋರ್ಡು ಹಾಕಿದವರು ಎಷ್ಟೋ ಮಂದಿ ಇದ್ದಾರೆ. ನಿಮ್ಮ ಮಾಲೀಕರೂ ಬಹುಶಃ ಹಾಗೆಯೇ ಬಂದವರಿರಬಹುದು. ಕಾನೂನು ಕೂಡ ನಿಮ್ಮನ್ನು ತಡೆಯುವುದಿಲ್ಲ. ಕೆಲಸ ಬಿಟ್ಟ ಮೇಲೆ ಅದೇ ವೃತ್ತಿ ಮಾಡಬಾರದು ಎಂದು ಯಾವುದೋ ಕಾಗದಕ್ಕೆ ನೀವು ಸಹಿ ಹಾಕಿದ್ದರೂ, 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ಅಂಥ ನಿರ್ಬಂಧ ಊರ್ಜಿತವಾಗುವುದಿಲ್ಲ.

ಆದರೆ ಈಗ ನಿಮ್ಮ ಮುಂದಿರುವ ದಾರಿಯಲ್ಲಿ ದ್ರೋಹದ ಅಂಶ ಸ್ವಲ್ಪ ಇದೆ, ಅದನ್ನು ಮರೆಮಾಚದೆ ಹೇಳಬೇಕು. ಇನ್ನೂ ಅವರಿಂದ ಸಂಬಳ ಪಡೆಯುತ್ತಿರುವಾಗಲೇ ಅವರ ಗಿರಾಕಿಯೊಡನೆ ಅವರಿಗಿಂತ ಕಡಿಮೆ ದರಕ್ಕೆ ಮಾತು ಮುಂದುವರಿಸುತ್ತಿದ್ದೀರಿ. ಅದೂ ಅವರಿಗೆ ತಿಳಿಯದಂತೆ. ನಿಮ್ಮ ನಿದ್ದೆ ಕೆಡಿಸಿರುವುದು ಇದೇ ಹೊರತು ಸ್ವಂತ ಉದ್ಯಮದ ಆಸೆಯಲ್ಲ ಎಂದು ನಾನು ತಿಳಿಯುತ್ತೇನೆ. ಪ್ರೋಗ್ರಾಮುಗಳ ವಿಷಯಕ್ಕೂ ಇದೇ ಉತ್ತರ. ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಮು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು. ಡ್ರಾಯಿಂಗುಗಳು ಗಿರಾಕಿ ಕಂಪನಿ ನಂಬಿ ಕೊಟ್ಟವು. ಪೆನ್ ಡ್ರೈವಿನಲ್ಲಿ ಒಂದನ್ನೂ ಹೊರಗೆ ತರಬೇಡಿ. ಒಂದು ಪಾರ್ಟಿನ ಡ್ರಾಯಿಂಗ್ ನೋಡಿ ಅದಕ್ಕೆ ಹೊಸದಾಗಿ ಪ್ರೋಗ್ರಾಮು ಬರೆಯುವ ಕೌಶಲ ನಿಮ್ಮ ಕೈಯಲ್ಲಿದೆ, ಅದನ್ನು ಯಾರೂ ಕೇಳುವಂತಿಲ್ಲ.

ಇನ್ನು ಆ ಪರ್ಚೇಸ್ ಅಧಿಕಾರಿಯ ಮಾತು. ಅವರ ಮೇಲೆ ನನಗೆ ದ್ವೇಷವೇನಿಲ್ಲ, ಕಂಪನಿಗೆ ದರ ಇಳಿಸುವುದು ಅವರ ಕೆಲಸ. ಆದರೆ ವರ್ಷಗಟ್ಟಲೆ ಕೆಲಸ ಮಾಡಿಕೊಟ್ಟವರನ್ನು ಗಂಟೆಗೆ 50 ರೂಪಾಯಿಗಾಗಿ ಬಿಡಲು ಸಿದ್ಧರಿರುವವರು, ನಾಳೆ ಬೊಮ್ಮಸಂದ್ರದಲ್ಲೋ ಹೊಸೂರಿನಲ್ಲೋ ಒಬ್ಬರು 330ಕ್ಕೆ ಒಪ್ಪಿದರೆ ನಿಮ್ಮನ್ನೂ ಬಿಡುತ್ತಾರೆ. ಅವರು ವರ್ಗವಾಗಿ ಹೋದರೂ ಸಾಕು, ಬಾಯಿಮಾತಿನ 250 ಗಂಟೆ ಅವರೊಂದಿಗೇ ಹೋಗುತ್ತದೆ, ಸಾಲದ ಕಂತು ಮಾತ್ರ ನಿಮ್ಮ ಹೆಸರಿನಲ್ಲಿ ಉಳಿಯುತ್ತದೆ.

ನೀವೇ ಕೊಟ್ಟಿರುವ ಅಂಕಿಗಳನ್ನು ಕೂಡಿಸಿ ನೋಡಿ, ಪತ್ರದಲ್ಲಿ ನೀವು ಈ ಒಂದು ಹೆಜ್ಜೆಯನ್ನು ಇಟ್ಟಂತೆ ಕಾಣಲಿಲ್ಲ. 10 ಲಕ್ಷ ಸಾಲಕ್ಕೆ ಶೇಕಡಾ 11ರ ಬಡ್ಡಿ, ಐದು ವರ್ಷದ ಅವಧಿ ಎಂದು ಇಟ್ಟುಕೊಂಡರೆ ಕಂತು ತಿಂಗಳಿಗೆ ಸುಮಾರು 21,740 ರೂಪಾಯಿ. ನಿಮ್ಮ 53,000 ಸೇರಿಸಿದರೆ ತಿಂಗಳ ಹೊರೆ 74,740. ಆ ಅಧಿಕಾರಿ ಮಾತು ಉಳಿಸಿಕೊಂಡು ಪೂರ್ತಿ 250 ಗಂಟೆ ಕೊಟ್ಟರೂ 350ರ ದರದಲ್ಲಿ ಬರುವುದು 87,500. ಉಳಿಯುವುದು 12,760 ರೂಪಾಯಿ! ಈಗಿನ ಸಂಬಳದ ಅರ್ಧವೂ ಅಲ್ಲ. ತಿಂಗಳಿಗೆ 25 ದಿನವೆಂದರೂ ದಿನಕ್ಕೆ ಹತ್ತು ಗಂಟೆ ಲೇತ್ ಕಟಿಂಗಿನಲ್ಲೇ ಇರಬೇಕು. ಸೆಟ್ಟಿಂಗಿನ ಸಮಯ, ಕರೆಂಟು ಹೋದ ಸಮಯ, ರಿಜೆಕ್ಷನ್ ಆದ ಪೀಸುಗಳು ಇದರಲ್ಲಿ ಸೇರಿಲ್ಲ. ಹಳೆಯ ಯಂತ್ರದ ಸ್ಪಿಂಡಲ್ಲೋ ಡ್ರೈವೋ ಒಮ್ಮೆ ಕೈಕೊಟ್ಟರೆ ಕೆಲವು ತಿಂಗಳ ಉಳಿಕೆ ರಿಪೇರಿಗೇ ಹೋಗುತ್ತದೆ. ಈಗಿನ 34,000ವನ್ನಾದರೂ ನೀವು ಮನೆಗೆ ಒಯ್ಯಬೇಕಾದರೆ ಗಂಟೆಗೆ ಸುಮಾರು 435 ರೂಪಾಯಿ ಸಿಗಬೇಕು. ನಿಮ್ಮ ಮಾಲೀಕರು 400ಕ್ಕೆ ಮಾಡಲು ಸಾಧ್ಯವಾಗಿರುವುದು ಅವರ ಬಳಿ ಹಲವು ಯಂತ್ರಗಳಿದ್ದು ಬಾಡಿಗೆ, ಕಂಪ್ರೆಸರ್, ತಪಾಸಣೆಯ ಖರ್ಚು ಎಲ್ಲದರ ಮೇಲೂ ಹಂಚಿಹೋಗುವುದರಿಂದ. ಒಂದೇ ಯಂತ್ರದವರಿಗೆ ಆ ಅನುಕೂಲವಿಲ್ಲ. ಒಂದು ಯಂತ್ರದವರು ಬದುಕುವುದು ದೊಡ್ಡವರು ಬೇಡವೆನ್ನುವ ಕಡಿಮೆ ಸಂಖ್ಯೆಯ, ಕಷ್ಟದ ಅಥವಾ ತುರ್ತಿನ ಕೆಲಸ ಹಿಡಿದು: ಒಂದು ಬುಷ್ಷು, ಎರಡು ಶಾಫ್ಟು, ನಿಂತುಹೋದ ಯಂತ್ರಕ್ಕೆ ಇಂದೇ ಬೇಕಾದ ಬಿಡಿಭಾಗ. ಅಂಥ ಕೆಲಸಕ್ಕೆ ದರ ಬೇರೆ. ನಿಮ್ಮಂಥ ಪ್ರೋಗ್ರಾಮರ್‌ಗೆ ಬೆಲೆ ಬರುವುದು ಅಲ್ಲಿಯೇ.

ತೊಂಬತ್ತು ದಿನದ ಷರತ್ತು ಇದಕ್ಕಿಂತಲೂ ಅಪಾಯಕಾರಿ. ಮೊದಲ ಬಿಲ್ಲಿನ ಹಣ ಕೈಗೆ ಬರುವ ಮುನ್ನ ಮೂರು ತಿಂಗಳ ಹೊರೆ, ಅಂದರೆ 2.24 ಲಕ್ಷ ರೂಪಾಯಿ, ನಿಮ್ಮ ಕೈಯಿಂದ ಹೋಗಿರುತ್ತದೆ. ಬ್ಯಾಂಕಿನವರು ಮೊದಲ ಕೆಲವು ತಿಂಗಳ ಕಂತನ್ನು ಮುಂದೂಡಿಕೊಟ್ಟರೂ ಬಡ್ಡಿ ನಿಲ್ಲುವುದಿಲ್ಲ. ಮನೆಯ ಖರ್ಚಿಗೆ ನಿಮ್ಮ ಹೆಂಡತಿಯ ಸಂಬಳದ ಮೇಲೆ ಇನ್ನೂ 22,000 ಬೇಕೆಂದುಕೊಂಡರೆ ಮೂರು ತಿಂಗಳಿಗೆ 66,000. ಎರಡೂ ಸೇರಿ 2.9 ಲಕ್ಷ. ನಿಮ್ಮಲ್ಲಿರುವ 3 ಲಕ್ಷವನ್ನು ನೀವು ಆಗಲೇ ಶೆಡ್ಡಿಗೂ ಕರೆಂಟಿಗೂ ಮೀಸಲಿಟ್ಟಿದ್ದೀರಿ. ಕೆಲಸ ಇದ್ದೂ ಕೈಯಲ್ಲಿ ದುಡ್ಡಿಲ್ಲದೆ ಮುಚ್ಚಿಹೋಗುವ ವರ್ಕ್‌ಶಾಪುಗಳ ಕಥೆ ಇದೇ, ಮತ್ತು ನನಗೆ ನಿಮ್ಮ ಪತ್ರ ಓದುವಾಗ ಎಲ್ಲಕ್ಕಿಂತ ಹೆಚ್ಚು ಭಯವಾದದ್ದು ಇಲ್ಲಿ.

ಇದಕ್ಕೆ ಕಾನೂನಿನ ಒಂದು ಆಸರೆ ಇದೆ, ಅದನ್ನು ತಿಳಿದಿರಬೇಕು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಲಿಖಿತ ಒಪ್ಪಂದ ಇದ್ದರೂ ಸಹ, 45 ದಿನಕ್ಕಿಂತ ಆಚೆಗೆ ಎಳೆಯುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಕೊಡಬೇಕಾಗುತ್ತದೆ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆಯ ನಿಯಮವೂ ಇದಕ್ಕೆ ಬಲ ಕೊಟ್ಟಿದೆ: ಗಡುವಿನೊಳಗೆ ಪಾವತಿಸದ ಮೊತ್ತವನ್ನು ಕಂಪನಿಯು ನಿಜವಾಗಿ ಪಾವತಿಸುವ ವರ್ಷದವರೆಗೆ ಖರ್ಚೆಂದು ತೋರಿಸಿಕೊಳ್ಳುವಂತಿಲ್ಲ. ಇದರ ಪ್ರಯೋಜನ ಸಿಗಬೇಕಾದರೆ ಕೆಲಸ ಆರಂಭಿಸುವ ಮೊದಲೇ ಇಂಥ ಉದ್ಯಮಗಳಿಗೆ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿ ಮಾಡಿಸಿ. ಅದು ಪೂರ್ತಿ ಉಚಿತ, ಯಾರಿಗೂ ಹಣ ಕೊಡಬೇಡಿ. ಒಬ್ಬನೇ ಗಿರಾಕಿಯನ್ನು ನಂಬಿದವರು ಆ ಗಿರಾಕಿಯ ಮೇಲೆ ದೂರು ಕೊಡಲಾರರು ಎಂಬುದು ಮಾತ್ರ ಯಾವ ಕಾಯ್ದೆಯೂ ಬದಲಿಸಲಾರದ ಸತ್ಯ. ಹಾಗಾಗಿ ಕನಿಷ್ಠ ಮೂವರು ಗಿರಾಕಿಗಳಿಂದ ಲಿಖಿತ ಪರ್ಚೇಸ್ ಆರ್ಡರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ.

ಈಗ ಮಾಲೀಕರ ಬಳಿ ಹೋಗುವ ವಿಷಯ. ಯಂತ್ರಕ್ಕೆ ಮುಂಗಡ ಕೊಡುವ ಮೊದಲು, ಶೆಡ್ಡಿನ ಕರಾರಿಗೆ ಸಹಿ ಹಾಕುವ ಮೊದಲು ಅವರಿಗೆ ಹೇಳಿ. ಶಿಫ್ಟ್ ನಡುವೆ ಬೇಡ. ಸಮಯ ಕೇಳಿಕೊಂಡು, ಸಾಧ್ಯವಾದರೆ ಅವರ ಮನೆಗೇ ಹೋಗಿ ಕುಳಿತು ಮಾತನಾಡಿ. ‘ಸಾರ್, ನನಗೆ ಸ್ವಂತವಾಗಿ ಮಾಡಬೇಕೆಂಬ ಆಸೆ ಇದೆ; ನಿಮ್ಮ ಗಿರಾಕಿಯೊಬ್ಬರು ನನ್ನನ್ನು ಕೇಳಿದ್ದಾರೆ; ನಿಮಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ’ ಎನ್ನಿ. ಅಧಿಕಾರಿಯ ಹೆಸರು ಹೇಳಬೇಕಾಗಿಲ್ಲ. ಅವರು ಬೇಸರಪಟ್ಟುಕೊಳ್ಳಬಹುದು, ಕೋಪವನ್ನೂ ಮಾಡಬಹುದು, ಅದನ್ನು ಕೇಳಿಸಿಕೊಳ್ಳುವ ಋಣ ನಿಮ್ಮ ಮೇಲಿದೆ. ಅವರೇ ಕೆಲಸದಿಂದ ತೆಗೆಯಬಹುದಲ್ಲ ಎಂಬ ಭಯ ನಿಮಗೆ ಇರಬಹುದು. ಒಂಬತ್ತು ವರ್ಷದ ಪ್ರೋಗ್ರಾಮರ್‌ನನ್ನು ರಾತ್ರೋರಾತ್ರಿ ಕಳೆದುಕೊಳ್ಳುವುದು ಸಣ್ಣ ವರ್ಕ್‌ಶಾಪಿಗೆ ಸುಲಭದ ಮಾತಲ್ಲ, ಆದರೂ ಆ ಸಾಧ್ಯತೆಗಾಗಿ ಉಳಿತಾಯವನ್ನು ಮುಟ್ಟದೆ ಇಟ್ಟುಕೊಂಡೇ ಹೋಗಿ.

ಅವರ ಮುಂದೆ ಬರಿಗೈಯಲ್ಲಿ ಹೋಗಬೇಡಿ, ಒಂದು ಪ್ರಸ್ತಾಪದೊಂದಿಗೆ ಹೋಗಿ. ರಾತ್ರಿ ಶಿಫ್ಟಿನಲ್ಲಿ ಅವರ ಲೇತುಗಳಲ್ಲಿ ಯಾವುದಾದರೂ ಖಾಲಿ ನಿಲ್ಲುತ್ತಿದ್ದರೆ, ಅದನ್ನು ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡಲು ಕೇಳಿ. ಅವರ ಗಿರಾಕಿಗಳಲ್ಲದ ಹೊರಗಿನ ಸಣ್ಣ ಕೆಲಸಗಳನ್ನು ನೀವು ಹುಡುಕಿ ತಂದು ಅದರಲ್ಲಿ ಮಾಡಿ. ಸಾಲವಿಲ್ಲದೆ, ಶೆಡ್ಡಿಲ್ಲದೆ, ಗಿರಾಕಿ ಹುಡುಕುವ, ದರ ಹೇಳುವ, ಬಾಕಿ ವಸೂಲಿ ಮಾಡುವ ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ. ಅಥವಾ ನೀವು ಹೊರಗೆ ಹೋದ ಮೇಲೆ ಅವರಿಗೆ ಹೆಚ್ಚಾದ ಕೆಲಸವನ್ನು ನಿಮಗೆ ಕೊಡುವಂತೆ ಕೇಳಬಹುದು. ಯಾವುದೇ ಆದರೂ ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಪ್ರೀತಿ ಇರುವ ಕಡೆ ಇದು ಇನ್ನೂ ಅಗತ್ಯ. ಅವರ ಮಕ್ಕಳು ಈ ಕಸುಬಿನಲ್ಲಿ ಇದ್ದಾರೆಯೇ ಎಂದು ನೀವು ಬರೆದಿಲ್ಲ. ಇಲ್ಲವಾದರೆ, ಮುಂದೆ ಈ ವರ್ಕ್‌ಶಾಪು ಯಾರ ಕೈಗೆ ಎಂಬ ಯೋಚನೆ ಅವರಿಗೂ ಇರುತ್ತದೆ. ಆ ಮಾತನ್ನು ನೀವಾಗಿ ಎತ್ತಬೇಡಿ, ಅವರು ಎತ್ತಿದರೆ ಮನಸ್ಸಿಟ್ಟು ಕೇಳಿ.

ನಿಮ್ಮ ತಂದೆಯವರ ಬಗ್ಗೆ. ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ್ದನ್ನು ಕಂಡ ತಲೆಮಾರು ಅವರದು. ಎಂದೂ ಮುಚ್ಚದು ಎಂದು ನಂಬಿದ್ದದ್ದು ಮುಚ್ಚಿದಾಗ ಮನೆಯೊಳಗೆ ಏನಾಗುತ್ತದೆ ಎಂದು ಅನುಭವಿಸಿದವರು. ‘ನೌಕರಿ ಮಾತ್ರ ಶಾಶ್ವತವೇ, ನಿಮಗೇನಾಯಿತು’ ಎಂದು ಅವರೊಡನೆ ವಾದಿಸಿ ಗೆಲ್ಲಬಹುದು, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಅವರ ಮನೆಯ ಪತ್ರ ನಿಮಗೆ ಬೇಕಾಗಿಯೇ ಇಲ್ಲ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ 10 ಲಕ್ಷದ ಸಾಲಕ್ಕೆ ಬ್ಯಾಂಕುಗಳು ಅಡಮಾನ ಪಡೆಯಬಾರದೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಇಂಥ ಸಾಲಕ್ಕೆ ಸಿಜಿಟಿಎಂಎಸ್‌ಇ ಎಂಬ ಖಾತರಿ ನಿಧಿಯೂ ಇದೆ. ಹಳೆಯ ಯಂತ್ರಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುವುದುಂಟು, ಇದನ್ನು ಮೊದಲೇ ಕೇಳಿಕೊಳ್ಳಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಉತ್ಪಾದನಾ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇಕಡಾ 15, ಗ್ರಾಮೀಣ ಪ್ರದೇಶದಲ್ಲಿ 25ರಷ್ಟು ಸಹಾಯಧನವಿದ್ದು, ಹಿಂದುಳಿದ ವರ್ಗ, ಪರಿಶಿಷ್ಟರು ಮತ್ತು ಮಹಿಳೆಯರಿಗೆ ಇದು 25 ಮತ್ತು 35. ನೀವು ನೋಡಿರುವ ಶೆಡ್ಡು ಮೈಸೂರು ಜಿಲ್ಲೆಗೆ ಸೇರಿದೆಯೋ ಮಂಡ್ಯಕ್ಕೋ ಎಂದು ಖಚಿತಪಡಿಸಿಕೊಂಡು ಆ ಜಿಲ್ಲೆಯ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ, ಹಳೆಯ ಯಂತ್ರಕ್ಕೆ ಅನ್ವಯಿಸುತ್ತದೆಯೇ ಎಂದು ಕೇಳಿ. ಆ ಹಣ ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ದಿನದ ಖರ್ಚಿಗೆ ಒದಗುವುದಿಲ್ಲ. ಇಷ್ಟು ತಿಳಿದುಕೊಂಡ ಮೇಲೆ ತಂದೆಯವರ ಪಕ್ಕ ಕುಳಿತು, ‘ಅಪ್ಪ, ಮನೆಯ ಪತ್ರವನ್ನು ಎಂದೂ ಕೇಳುವುದಿಲ್ಲ’ ಎಂದು ಮಾತು ಕೊಡಿ. ಅವರು ಮಾತು ಬಿಟ್ಟಿರುವುದು ಆ ಒಂದು ಮಾತಿಗಾಗಿ ಇರಬಹುದು.

ನಿಮ್ಮ ಹೆಂಡತಿಯ ಒಡವೆಯನ್ನೂ ಮುಟ್ಟಬೇಡಿ. ಅವರು ಒಪ್ಪಿದ್ದಾರೆ ಎಂದು ಬರೆದಿದ್ದೀರಿ, ಅವರಿಗೆ ಮೇಲಿನ ಲೆಕ್ಕ ಗೊತ್ತೇ ಎಂದು ಬರೆದಿಲ್ಲ. ಆ 12,760ರ ಅಂಕಿಯನ್ನು ತೋರಿಸಿ, ಅನಂತರ ಅವರು ಏನೆನ್ನುತ್ತಾರೆ ಕೇಳಿ.

ಕೊನೆಯದಾಗಿ, ಹೊರಡಲೇ ಇರಲೇ ಎಂಬ ನಿಮ್ಮ ಪ್ರಶ್ನೆಗೆ: ಹೊರಡಿ, ಆದರೆ ಈಗಲ್ಲ, ಆ 350ರ ದರಕ್ಕಂತೂ ಅಲ್ಲ. ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಗ್ರಾಚ್ಯುಟಿಯ ಲೆಕ್ಕದಲ್ಲಿ ಆರು ತಿಂಗಳು ಮೀರಿದ ಅವಧಿಯನ್ನು ಒಂದು ವರ್ಷವೆಂದು ಹಿಡಿಯುತ್ತಾರೆ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ 20,000 ಎಂದುಕೊಂಡರೆ ಇಂದು ಬಿಟ್ಟರೆ ಒಂಬತ್ತು ವರ್ಷಕ್ಕೆ 1,03,846, ಒಂಬತ್ತೂವರೆ ವರ್ಷ ದಾಟಿದರೆ ಹತ್ತು ವರ್ಷಕ್ಕೆ 1,15,385. ಪಿಎಫ್‌ನೊಂದಿಗಿರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಅಲ್ಲಿಯೂ ಆರು ತಿಂಗಳನ್ನು ಪೂರ್ತಿ ವರ್ಷವಾಗಿ ಎಣಿಸುತ್ತಾರೆ. ಪಿಎಫ್ ಹಣವನ್ನು ಯಂತ್ರಕ್ಕೆಂದು ಲೆಕ್ಕ ಹಾಕಬೇಡಿ, ಕೆಲಸ ಬಿಟ್ಟ ಕೂಡಲೇ ಪೂರ್ತಿ ಕೈಗೆ ಬರುವುದಿಲ್ಲ. ಇನ್ನು ಐದು ತಿಂಗಳು ಅಲ್ಲಿಯೇ ಇದ್ದು, ಈ ವಾರದಲ್ಲೇ ಮಾಲೀಕರೊಡನೆ ಮಾತನಾಡಿ, ಅವರು ಒಪ್ಪಿದರೆ ರಾತ್ರಿ ಶಿಫ್ಟಿನಿಂದ ಆರಂಭಿಸಿ. ಆ ಪರ್ಚೇಸ್ ಅಧಿಕಾರಿಗೆ, ಮಾಲೀಕರಿಗೆ ತಿಳಿಸಿದ ಮೇಲಷ್ಟೇ ಉತ್ತರ ಕೊಡುತ್ತೇನೆ ಎಂದು ಇಂದೇ ಹೇಳಿಬಿಡಿ.