ಬಿಲ್ಲು ಬದಲಿಸಬೇಡಿ, ಜಾಕೆಟ್ ಹಾಕಿಕೊಂಡು ಗುರಿ ಇಡಿ

ಪ್ರಶ್ನೆ: ಅಕ್ಕ, ನಮಸ್ಕಾರ. ಅರಿಜೋನಾದಲ್ಲಿ ಎಲ್ಕ್ ಬೇಟೆಯ ಡ್ರಾಗೆ ಹದಿನಾರು ವರ್ಷದಿಂದ ಅರ್ಜಿ ಹಾಕುತ್ತಿದ್ದೆ. ಈ ಸಲ ಬಿಲ್ಲುಬೇಟೆಯ ಗಂಡು ಎಲ್ಕ್ ಟ್ಯಾಗ್ ಸಿಕ್ಕಿದೆ. ಸೆಪ್ಟೆಂಬರ್‌ಗೆ ಇನ್ನು ಐದು ತಿಂಗಳು. ನನ್ನದು 60 ಪೌಂಡಿನ ಕಾಂಪೌಂಡ್ ಬಿಲ್ಲು. 70 ಪೌಂಡಿನ ಹೊಸದು ಕೊಳ್ಳಲಾ? ಎಲ್ಲಿಂದ ಶುರು ಮಾಡಲಿ?
— ಫೀನಿಕ್ಸ್‌ನ ಓದುಗ

ಉತ್ತರ: ಹದಿನಾರು ವರ್ಷ! ನಿಮ್ಮ ಪತ್ರ ಓದಿ ನನಗೇ ಖುಷಿಯಾಯಿತು. ಗೊತ್ತಿಲ್ಲದವರಿಗೆ ಒಂದು ಮಾತು: ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ. ಅರಿಜೋನಾದಲ್ಲಿ ದುಡ್ಡು ಕಟ್ಟಿದ ಮಾತ್ರಕ್ಕೆ ಎಲ್ಕ್ ಬೇಟೆಗೆ ಹೋಗುವ ಹಾಗಿಲ್ಲ. ಡ್ರಾದಲ್ಲಿ, ಅಂದರೆ ಲಾಟರಿಯಲ್ಲಿ, ಹೆಸರು ಬರಬೇಕು. ಆಗಲೇ ಟ್ಯಾಗ್, ಅಂದರೆ ಒಂದು ಎಲ್ಕ್ ಹೊಡೆಯುವ ಪರವಾನಗಿ. ಬರದ ವರ್ಷಕ್ಕೊಂದು ಬೋನಸ್ ಪಾಯಿಂಟ್ ಸೇರುತ್ತದೆ. ನೂರಕ್ಕೆ 20 ಟ್ಯಾಗ್ ಅತಿ ಹೆಚ್ಚು ಪಾಯಿಂಟ್ ಇರುವವರಿಗೆ ಮೀಸಲು. ಟ್ಯಾಗ್ ಸಿಕ್ಕಿತೋ, ವರ್ಷ ವರ್ಷ ಕೂಡಿಟ್ಟ ಪಾಯಿಂಟೆಲ್ಲ ಸೊನ್ನೆ. ಹಾಗಾಗಿ ಇವರಿಗೆ ಈ ಸೆಪ್ಟೆಂಬರ್ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ.

ಬಿಲ್ಲು ಬದಲಿಸಬೇಡಿ. (ಕಾಂಪೌಂಡ್ ಅಂದರೆ ತುದಿಗಳಲ್ಲಿ ಗಾಲಿ ಇರುವ ಬಿಲ್ಲು, ಪೌಂಡು ಅಂದರೆ ಅದರ ಹೆದೆ ಎಳೆಯಲು ಬೇಕಾದ ಬಲ.) ನಾನು ಐವತ್ತೆರಡರ ಹೆಂಗಸು, ನಾನು ಎಳೆಯುವುದು 50 ಪೌಂಡು. 24 ಗಜದಿಂದ ಬಿಟ್ಟ ಬಾಣ ಎಲ್ಕ್‌ನ ಒಂದು ಪಕ್ಕೆಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟು ಆಚೆ ಹುಲ್ಲಿನಲ್ಲಿ ಬಿದ್ದಿತ್ತು. ತೂಕದ ಬಾಣ, ಅದರ ತುದಿಗೆ ಕ್ಷೌರದ ಬ್ಲೇಡಿನಷ್ಟು ಚೂಪಾದ ಬ್ರಾಡ್‌ಹೆಡ್ ಅನ್ನೋ ಬೇಟೆಯ ಮೊನೆ, ಸರಿಯಾದ ಜಾಗ. ಅಷ್ಟೇ ಬೇಕಾದದ್ದು. 70 ಪೌಂಡು ಎಳೆಯಲು ನೀವು ಬಿಲ್ಲನ್ನು ಆಕಾಶಕ್ಕೆತ್ತಿ ತಿಣುಕಬೇಕಾದರೆ, ಆ ಅಲುಗಾಟಕ್ಕೇ ಎಲ್ಕ್ ಓಡುತ್ತದೆ. ಈಗಿರುವ ಬಿಲ್ಲನ್ನೇ ಮಂಡಿಯೂರಿ ಕೂತು, ಮೆಲ್ಲಗೆ, ನೆಟ್ಟಗೆ ಎಳೆದು ಒಂದು ನಿಮಿಷ ಹಿಡಿಯಲು ಆಗುತ್ತಾ ನೋಡಿ. ಎಲ್ಕ್ ಮರದ ಮರೆಯಲ್ಲಿ ನಿಂತುಬಿಟ್ಟರೆ ಆ ಒಂದು ನಿಮಿಷ ತುಂಬಾ ಉದ್ದ.

ದಿನಾ ಐವತ್ತು ಬಾಣ ಬಿಟ್ಟು ತೋಳು ನೋಯಿಸಿಕೊಳ್ಳಬೇಡಿ. ಬೆಳಿಗ್ಗೆ ಎದ್ದ ಹಾಗೇ ಒಂದೇ ಒಂದು ಬಾಣ ಬಿಡಿ. ಅದು ಎಲ್ಲಿ ಬಿತ್ತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎರಡನೆಯದು, ಮೂರನೆಯದು ಚೆನ್ನಾಗಿ ಬೀಳುವುದು ಬಿಡಿ, ಎಲ್ಲರಿಗೂ ಬೀಳುತ್ತದೆ. ಕಾಡಿನಲ್ಲಿ ಸಿಗುವುದು ಮೊದಲನೆಯದು ಮಾತ್ರ.

ನನ್ನ ಮೊದಲ ಟ್ಯಾಗ್ ಹೇಗೆ ಹಾಳಾಯಿತು ಕೇಳಿ. ಜಾಗ ಅರಿಜೋನಾದ ಮೊಗಿಯೋನ್ ರಿಮ್ ಅನ್ನೋ ಬೆಟ್ಟದಂಚು. (ಇಂಗ್ಲಿಷ್ ಅಕ್ಷರ ನೋಡಿದರೆ ಮೊಗೊಲ್ಲನ್ ಅನ್ನಬೇಕು, ಅಲ್ಲಿ ಹಾಗಂದರೆ ನಗುತ್ತಾರೆ.) ಸುಮಾರು 7,500 ಅಡಿ ಎತ್ತರ. ಬೇಸಿಗೆಯಿಡೀ ಟೀ ಶರ್ಟ್‌ನಲ್ಲೇ ಅಭ್ಯಾಸ ಮಾಡಿದ್ದೆ. ಆವತ್ತು ಬೆಳಗಿನ ಚಳಿಗೆ ದಪ್ಪ ಜಾಕೆಟ್ ಏರಿಸಿದ್ದೆ. ಪೈನ್ ಮರಗಳ ಆಚೆ ಗಂಡು ಕೂಗಿತು. ಆ ಕೂಗು ಅದರ ಗಾತ್ರಕ್ಕೆ ಹೊಂದುವುದೇ ಇಲ್ಲ. ಮುನ್ನೂರು ಕಿಲೋ ಮೈ, ಕೊಳಲಿನಂಥ ಕೀರಲು ದನಿ, ಕೊನೆಗೆ ಗಂಟಲಲ್ಲಿ ಕೆಮ್ಮಿದ ಹಾಗೆ ಎರಡು ಹೂಂಕಾರ. 31 ಗಜಕ್ಕೆ ಬಂದು ಪಕ್ಕೆ ತೋರಿಸಿ ನಿಂತಿತು. ಬಿಟ್ಟೆ. ಹೆದೆ ತೋಳಿನ ಬಟ್ಟೆಗೆ ಪಟ್ ಅಂತ ಬಡಿಯಿತು. ಬಾಣ ಹೊಟ್ಟೆಯ ಕೆಳಗೆ ಹಾದುಹೋಗಿ ಕಲ್ಲಿಗೆ ತಾಗಿತು. ಎಲ್ಕ್ ಒಂದು ಗಳಿಗೆ ನನ್ನ ಕಡೆ ನೋಡಿ ಹೊರಟುಹೋಯಿತು. ಮುಂದಿನ ಟ್ಯಾಗ್ ಬರಲು ಒಂಬತ್ತು ವರ್ಷ ಹಿಡಿಯಿತು.

ಆದ್ದರಿಂದ ಜುಲೈ ಸೆಕೆಯಲ್ಲೂ, ಅಕ್ಕಪಕ್ಕದವರು ಹುಚ್ಚು ಅಂದರೂ, ಬೇಟೆಗೆ ಹಾಕುವ ಬಟ್ಟೆ, ಬೂಟು, ಬೆನ್ನಿನ ಚೀಲ ಎಲ್ಲ ಹಾಕಿಕೊಂಡೇ ಗುರಿ ಇಡಿ. ತೋಳಿಗೆ ಪಟ್ಟಿ ಕಟ್ಟಿ. ಬ್ರಾಡ್‌ಹೆಡ್ ಹಾಕಿಯೂ ಬಿಟ್ಟು ನೋಡಿ, ಅಭ್ಯಾಸದ ಮೊನೆ ಹೋದ ದಾರಿಯಲ್ಲೇ ಅದು ಹೋಗಬೇಕು ಅಂತೇನಿಲ್ಲ.

ಇನ್ನು ಗಾಳಿ. ಎಲ್ಕ್‌ನ ಕಣ್ಣಿಗೆ ಮೋಸ ಮಾಡಬಹುದು, ಹೆಣ್ಣು ಎಲ್ಕ್‌ನ ದನಿ ಊದಿ ಕಿವಿಗೂ ಮಾಡಬಹುದು. ಮೂಗಿಗೆ ಮಾತ್ರ ಆಗಲ್ಲ. ಬೆಳಗಿನ ಜಾವ ತಣ್ಣಗಿನ ಗಾಳಿ ಬೆಟ್ಟದಿಂದ ಕೆಳಗಿಳಿಯುತ್ತದೆ, ಆಗ ನೀವು ಎಲ್ಕ್‌ಗಿಂತ ಕೆಳಗಿರಬೇಕು. ಬಿಸಿಲು ಬಿದ್ದು ನೆಲ ಕಾದ ಮೇಲೆ ಗಾಳಿ ಮೇಲಕ್ಕೇರುತ್ತದೆ, ಆಗ ನೀವು ಮೇಲಿರಬೇಕು. ತಿರುಗುವ ಹೊತ್ತಿನಲ್ಲಿ ಅದು ಸುತ್ತುತ್ತದೆ. ಆಗ ಸುಮ್ನೆ ಕೂತುಬಿಡಿ. ಪುಟ್ಟ ಬಾಟಲಿಯಲ್ಲಿ ಟಾಲ್ಕಂ ಪುಡಿ ಹಾಕಿಟ್ಟುಕೊಂಡು ಹತ್ತು ಹೆಜ್ಜೆಗೊಮ್ಮೆ ಒತ್ತಿ ನೋಡುತ್ತಿರಿ.

ಕೂಗುವುದನ್ನು ಕಲಿಯಲು ಬಾಯೊಳಗೆ ಇಟ್ಟು ಊದುವ ಡಯಾಫ್ರಾಮ್ ಸಿಗುತ್ತದೆ. ಮೊದಲು ಹೆಣ್ಣಿನ ಮೆಲುದನಿ ಕಲಿಯಿರಿ, ಗಂಡಿನ ಕೂಗು ಆಮೇಲೆ. ಮನೆಯಲ್ಲಿ ಬೇಡ. ಕಾರಿನಲ್ಲಿ, ಗಾಜು ಏರಿಸಿಕೊಂಡು ಊದಿ.

ಎಲ್ಲರೂ ಮರೆಯುವ ಕೆಲಸ ಬಾಣ ಬಿಟ್ಟ ಮೇಲಿನದು. ಎದೆಗೆ ತಾಗಿದ್ದರೂ ಅರ್ಧ ಗಂಟೆ ಕೂತಲ್ಲಿಂದ ಏಳಬೇಡಿ. ಹೊಟ್ಟೆಗೆ ತಾಗಿತು ಅನಿಸಿದರೆ ಹಲವು ಗಂಟೆ ಕಾಯಬೇಕು. ಬೇಗ ಹಿಂದೆ ಬಿದ್ದರೆ ಅದು ಎದ್ದು ಇನ್ನೊಂದು ಕಣಿವೆ ದಾಟುತ್ತದೆ. ಸಿಕ್ಕಿತು ಅನ್ನಿ. ಎಲುಬು ತೆಗೆದರೂ 200 ಪೌಂಡಿನಷ್ಟು ಮಾಂಸ. ಸೆಪ್ಟೆಂಬರ್ ಬೆಳಿಗ್ಗೆ ಚಳಿ ಇದ್ದರೂ ಮಧ್ಯಾಹ್ನ ಅಂಗಿ ಬಿಚ್ಚುವಷ್ಟು ಸೆಕೆ. ಚರ್ಮದೊಳಗೆ ಬಿಸಿ ಉಳಿದರೆ ಮೊದಲು ಕೆಡುವುದು ತೊಡೆಯ ಮೂಳೆಯ ಸುತ್ತಲಿನ ಮಾಂಸ. ಕೂಡಲೇ ಚರ್ಮ ಸುಲಿದು, ಕಾಲು ಬಿಡಿಸಿ, ಬಟ್ಟೆಯ ಚೀಲದಲ್ಲಿ ಹಾಕಿ ನೆರಳಿನಲ್ಲಿ ಗಾಳಿಗೆ ತೂಗುಹಾಕಿ. ಒಬ್ಬರೇ ಹೊತ್ತರೆ ನಾಲ್ಕೈದು ಸಲ ಓಡಾಡಬೇಕು. ಆದ್ದರಿಂದ 70 ಪೌಂಡು ಬೇಕೇ ಬೇಕು ಅಂದರೆ ಬಿಲ್ಲಿನಲ್ಲಿ ಬೇಡ, ಬೆನ್ನಿನ ಚೀಲದಲ್ಲಿ ತುಂಬಿಕೊಂಡು ಏರು ಹತ್ತಿ. ಫೋನ್ ಮಾಡಿದರೆ ರಾತ್ರಿಯಾದರೂ ಬರುವ ಇಬ್ಬರು ಗೆಳೆಯರನ್ನು ಈಗಲೇ ಹಿಡಿದಿಡಿ.

ಪ್ರಶ್ನೆ: ಎಲ್ಕ್ ನೀರಿಗೆ ಬರುವ ಕಟ್ಟೆಯ ಹತ್ತಿರ ಕ್ಯಾಮೆರಾ ಕಟ್ಟಿ, ಅಲ್ಲೇ ಟೆಂಟ್ ಹಾಕಬಹುದಾ?
— ಟೂಸಾನ್‌ನಿಂದ ಇನ್ನೊಬ್ಬರು

ಉತ್ತರ: ಎರಡೂ ಆಗಲ್ಲ. ಬೇಟೆಗಾಗಿ ಟ್ರೇಲ್ ಕ್ಯಾಮೆರಾ (ಕಾಡಿನಲ್ಲಿ ಕಟ್ಟಿಟ್ಟರೆ ತಾನೇ ಚಿತ್ರ ತೆಗೆಯುವಂಥದ್ದು) ಬಳಸುವುದನ್ನು ಅರಿಜೋನಾ 2022ರ ಜನವರಿ 1ರಿಂದ ನಿಲ್ಲಿಸಿದೆ. ಟೆಂಟ್ ನೀರಿನಿಂದ ಕಾಲು ಮೈಲಿಯಾದರೂ ದೂರ ಇರಬೇಕು. ದನಗಳೂ ಕಾಡುಪ್ರಾಣಿಗಳೂ ಕುಡಿಯಬೇಕಲ್ವಾ? ಆಗಸ್ಟ್ ಕೊನೆಯಲ್ಲಿ ಕಾಲ್ನಡಿಗೆಯಲ್ಲಿ ಹೋಗಿ ಗಂಡುಗಳು ಹೊರಳಾಡುವ ಕೆಸರುಗುಂಡಿ ಹುಡುಕಿ. ಮೂತ್ರದ ನಾತ ದೂರಕ್ಕೇ ಹೊಡೆಯುತ್ತದೆ. ನೀರು ಇನ್ನೂ ಕದಡಿದ್ದರೆ ಈಗಷ್ಟೇ ಎದ್ದು ಹೋಗಿದೆ.

ಪ್ರಶ್ನೆ: ಈ ಎಲ್ಕ್ ಅರಿಜೋನಾದಲ್ಲಿ ಮೊದಲಿನಿಂದಲೂ ಇತ್ತಾ?
— ಬೇಟೆ ಗೊತ್ತಿಲ್ಲದ ಓದುಗಿ

ಉತ್ತರ: ಇತ್ತು, ಆದರೆ ಇದಲ್ಲ. ಇಲ್ಲಿದ್ದ ಮೆರಿಯಮ್ ಎಲ್ಕ್ ಅನ್ನೋ ತಳಿ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಅಳಿದುಹೋಯಿತು. 1913ರಲ್ಲಿ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಿಂದ 83 ಎಲ್ಕ್ ತಂದು ಚೆವೆಲಾನ್ ಕ್ರೀಕ್ ಹತ್ತಿರ ಬಿಟ್ಟರು. ನನ್ನ ಜಾಕೆಟ್ ದೆಸೆಯಿಂದ ಬದುಕಿಕೊಂಡ ಆ ಗಂಡೂ ಅವುಗಳ ಮರಿಮಕ್ಕಳಲ್ಲೇ ಒಂದಿರಬೇಕು.