ಅಪ್ಪನಿಗೆ ಉಡುಗೊರೆ ಕೊಡಲು ದುಬಾರಿ ಚೆಸ್ ಸೆಟ್: ಹಿತ್ತಾಳೆಯದ್ದು ತಗೊಳ್ಳಲಾ, ಮರದ್ದು ತಗೊಳ್ಳಲಾ?

ಮರದ್ದೇ ತಗೊಳ್ಳಿ. ನಿಮ್ಮ ಅಪ್ಪ ದಿನಾ ಸಂಜೆ ಗೆಳೆಯರ ಜೊತೆ ಆಡುತ್ತಾರೆ ಅಂತ ಬರೆದಿದ್ದೀರಿ. ಇಪ್ಪತ್ತು ಸಾವಿರ ಕೊಟ್ಟು ತಂದದ್ದು ಶೋಕೇಸ್ ಸೇರಬಾರದು, ಅಲ್ವಾ?

ಹಿತ್ತಾಳೆ ಸೆಟ್ ನಾನೂ ಒಮ್ಮೆ ತಂದಿದ್ದೆ. ಅಂಗಡಿಯ ದೀಪದ ಕೆಳಗೆ ಫಳಫಳ ಹೊಳೆಯುತ್ತಿತ್ತು. ಆಡಲು ಕೂತ ಮೇಲೆ ನೋಡಿದರೆ ಮಂತ್ರಿಗೂ ಒಂಟೆಗೂ ತಲೆಯ ಮೇಲಿನ ಸಣ್ಣ ಗುಂಡಿನಷ್ಟೇ ವ್ಯತ್ಯಾಸ. ಮನೆಗಳೂ ಇಕ್ಕಟ್ಟು, ಒಂದು ಕಾಯಿ ಎತ್ತಿದರೆ ಪಕ್ಕದ್ದು ಉರುಳುತ್ತಿತ್ತು. ನನ್ನ ಮಗಳು ಗೆಲ್ಲುವ ಆಟದಲ್ಲಿ ಒಂಟೆ ಅಂದುಕೊಂಡು ಮಂತ್ರಿಯನ್ನೇ ಬಿಟ್ಟುಕೊಟ್ಟಳು. ಅತ್ತೇಬಿಟ್ಟಳು ಪಾಪ. ಮರುದಿನ ಹಳೇ ಪ್ಲಾಸ್ಟಿಕ್ ಸೆಟ್ಟೇ ಹೊರಗೆ ಬಂತು.

ಈ ಗೊಂದಲ ಹಳೆಯದು. ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲೂ ಒಂದೊಂದು ಸೆಟ್ಟಿನ ಕಾಯಿ ಒಂದೊಂದು ಥರ ಇರುತ್ತಿತ್ತು. 1849ರಲ್ಲಿ ನಥಾನಿಯಲ್ ಕುಕ್ ಹೆಸರಿನಲ್ಲಿ ಹೊಸ ಮಾದರಿಯೊಂದು ನೋಂದಣಿಯಾಯಿತು. ಲಂಡನ್ನಿನ ಜೇಕ್ಸ್ ಕಂಪನಿ ಅದನ್ನು ಮಾಡಿ ಮಾರಿತು. ಆಗಿನ ದೊಡ್ಡ ಆಟಗಾರ ಹೊವರ್ಡ್ ಸ್ಟಾಂಟನ್ ತನ್ನ ಹೆಸರು ಕೊಟ್ಟ. ಇವತ್ತಿಗೂ ದೊಡ್ಡ ಪಂದ್ಯಗಳಲ್ಲಿ ಸ್ಟಾಂಟನ್ ಮಾದರಿಯೇ.

ಒಳ್ಳೆಯ ಮರದ ಸೆಟ್‌ಗಳಲ್ಲಿ ತುಂಬಾ ಬರುವುದು ಅಮೃತಸರದಿಂದ. ಮೊದಲು ಅಲ್ಲಿ ದಂತದ ಕೆಲಸ ಇತ್ತು. ದಂತದ ವ್ಯಾಪಾರ ನಿಷೇಧವಾದ ಮೇಲೆ ಮರವೇ ಗತಿಯಾಯಿತು. ರಾಜ, ಮಂತ್ರಿ, ಕಾಲಾಳು ಎಲ್ಲ ಲೇಥ್‌ನಲ್ಲಿ ತಿರುಗಿ ರೂಪ ಪಡೆಯುತ್ತವೆ. ಕುದುರೆ ತಲೆಗೆ ಮಾತ್ರ ಕೈಯೇ ಬೇಕು, ಉಳಿಯೇ ಬೇಕು. ಅದಕ್ಕೇ ಬೆಲೆಯ ದೊಡ್ಡ ಪಾಲು ನಾಲ್ಕು ಕುದುರೆಗಳಿಗೆ ಹೋಗುತ್ತದೆ. ನೀವೂ ಮೊದಲು ಕುದುರೆಯನ್ನೇ ಎತ್ತಿ ನೋಡಿ. ಜೂಲಿನ ಎಳೆ ಬಿಡಿಬಿಡಿಯಾಗಿ ಕಾಣುತ್ತಾ? ಮೂಗಿನ ಹೊಳ್ಳೆ ಒಳಕ್ಕೆ ಇಳಿದಿದೆಯಾ? ನನ್ನ ಈಗಿನ ಸೆಟ್ಟಿನ ಕರಿ ಕುದುರೆಗೆ ಹಲ್ಲೂ ಇದೆ, ಕೆಳದವಡೆಯಲ್ಲಿ ಉಳಿ ತಾಗಿದ ಸಣ್ಣ ಗೆರೆಯೂ ಇದೆ. ನಾಲ್ಕರಲ್ಲಿ ಯಾವ ಎರಡರ ಮುಖವೂ ಪೂರ್ತಿ ಒಂದೇ ಥರ ಇಲ್ಲ. ನನಗೆ ಅದೇ ಇಷ್ಟ. (ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಕುದುರೆಗೆ ಮನಸೋತವರೇ. 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಅದಕ್ಕಾಗಿ ಹೆಣೆದರು.)

ಆಮೇಲೆ ತೂಕ. ರಾಜನನ್ನು ಸ್ವಲ್ಪ ವಾಲಿಸಿ ಬಿಡಿ. ಬುಡದಲ್ಲಿ ಭಾರ ತುಂಬಿದ್ದರೆ ತಾನೇ ಎದ್ದು ನಿಲ್ಲುತ್ತಾನೆ. ಕಪ್ಪು ಕಾಯಿಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬೇಡ. ನಿಜವಾದ ಎಬೊನಿ ಅನ್ನುವ ಕರಿ ಮರ ಚೆಂದವೇ, ಆದರೆ ಒಣ ಹವೆಗೆ ಬಿರುಕು ಬಿಡುತ್ತದೆ. ನಿಮ್ಮ ಬಜೆಟ್ಟಿಗೆ ಶೀಷಮ್ ಮರ ಸಾಕು. ಎರಡು ಮಂತ್ರಿ ಹೆಚ್ಚಿಗೆ ಕೊಡುತ್ತಾರಾ ಅಂತಲೂ ಕೇಳಿ. ಕಾಲಾಳು ಕೊನೆ ಮನೆ ಮುಟ್ಟಿ ಮಂತ್ರಿಯಾದಾಗ ಬೇಕಾಗುತ್ತದೆ.

ರಾಜ ಸುಮಾರು 9.5 ಸೆಂ.ಮೀ. ಎತ್ತರ ಇರಲಿ. ಒಂದು ಮನೆಯಲ್ಲಿ ನಾಲ್ಕು ಕಾಲಾಳು ಸರಿಯಾಗಿ ಕೂರಬೇಕು, ಅಳತೆ ಅಂದರೆ ಅಷ್ಟೇ. ಅಂಥ ಮಣೆ ಅಂಚೂ ಸೇರಿ ಅರ್ಧ ಮೀಟರ್ ಆಗುತ್ತದೆ. ಅಂಗಡಿಗೆ ಹೋಗುವ ಮುಂಚೆ ಅಪ್ಪ ಆಡುವ ಟೀಪಾಯಿಯನ್ನು ಸುಮ್ನೆ ಒಮ್ಮೆ ಟೇಪ್ ಹಿಡಿದು ನೋಡಿಬಿಡಿ. ಕಾಫಿ ಲೋಟಕ್ಕೂ ಪಕ್ಕದಲ್ಲಿ ಜಾಗ ಬೇಕಲ್ವಾ.